ಹೆಪ್ಪಿಲ್ಲದ ಮನೆಯಲ್ಲಿ ಮೊಸರು: ಹಳೆಯ ಕಂಪ್ಯೂಟರಿಗೆ ಧ್ವನಿಯೇ ಜೀವ ಕೊಟ್ಟ ಕಥೆ



ಊರು ಬಿಟ್ಟು ಬಂದು ಹೊಸ ಊರಿನಲ್ಲಿ ಸಂಸಾರ ಹೂಡಿದ ಮೊದಲ ವಾರ ನಿಮಗೆ ನೆನಪಿರಬಹುದು. ಹಾಲು ಸಿಕ್ಕಿತು, ಪಾತ್ರೆ ಸಿಕ್ಕಿತು, ಒಲೆಯೂ ಹತ್ತಿತು. ರಾತ್ರಿ ಹೆಪ್ಪು ಹಾಕೋಣವೆಂದರೆ ಮನೆಯಲ್ಲಿ ಒಂದು ಚಮಚ ಮೊಸರೂ ಇಲ್ಲ! ಮೊಸರು ಮಾಡಲು ಮೊಸರೇ ಬೇಕು. ಕೊನೆಗೆ ಭಾಷೆ ಬಾರದಿದ್ದರೂ ಪಕ್ಕದ ಮನೆಯ ಬಾಗಿಲು ತಟ್ಟಿ, ಬಟ್ಟಲು ತೋರಿಸಿ, ಒಂದಿಷ್ಟು ಹೆಪ್ಪು ತಂದಿರುತ್ತೀರಿ.

ಕಂಪ್ಯೂಟರಿನದೂ ಇದೇ ಪಾಡು. ಗುಂಡಿ ಒತ್ತಿದ ಕೂಡಲೇ ಅದು ಕೆಲಸಕ್ಕೆ ನಿಲ್ಲುವುದು ಆಪರೇಟಿಂಗ್ ಸಿಸ್ಟಮ್ ಎಂಬ ಮೂಲ ತಂತ್ರಾಂಶದ ಬಲದಿಂದ. ಹಳೆಯ ಯಂತ್ರಗಳಲ್ಲಿ ಈ ತಂತ್ರಾಂಶ ಇರುತ್ತಿದ್ದುದು ಫ್ಲಾಪಿಯಲ್ಲಿ. ಖಾಲಿ ಫ್ಲಾಪಿಯ ಮೇಲೆ ಅದನ್ನು ಬರೆಯಬೇಕಾದರೆ ಅದೇ ಜಾತಿಯ ಕಂಪ್ಯೂಟರ್ ಓಡುತ್ತಿರಬೇಕು. ಕಂಪ್ಯೂಟರ್ ಓಡಬೇಕಾದರೆ ಆ ಫ್ಲಾಪಿ ಬೇಕು. ಮೂಲ ಫ್ಲಾಪಿ ಕಳೆದುಹೋಗಿದ್ದರೆ? ಯಂತ್ರದ ಬಿಡಿಭಾಗಗಳೆಲ್ಲ ಸರಿಯಾಗಿದ್ದರೂ ಅದು ಬೀಗದ ಕೈ ಕಳೆದುಹೋದ ಪೆಟ್ಟಿಗೆಯಂತೆ ಸುಮ್ಮನೆ ಕೂತಿರುತ್ತದೆ.

ಈ ಬೀಗ ತೆಗೆದವರ ಕಥೆಯನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇವೆ. ರೇಡಿಯೋ ಕೇಳುವ ನಿಮಗೂ ಈ ಕಥೆಗೂ ಹತ್ತಿರದ ನೆಂಟಸ್ತಿಕೆಯಿದೆ. ಯಾಕೆಂದರೆ ಬೀಗ ತೆಗೆದದ್ದು ಬರಿಯ ಧ್ವನಿ!

ಮೊದಲ ಹೆಪ್ಪು ಎಲ್ಲಿಂದ ಬಂತು?

1948ರ ಜೂನ್ 21ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ, ತನ್ನ ಸ್ಮರಣೆಯಲ್ಲೇ ಪ್ರೋಗ್ರಾಮ್ ಇಟ್ಟುಕೊಂಡ ಕಂಪ್ಯೂಟರ್ ಮೊದಲ ಬಾರಿಗೆ ಓಡಿತು. 'ಬೇಬಿ' ಎಂದು ಅದರ ಮುದ್ದಿನ ಹೆಸರು. ಅಂದಿನ ಪ್ರೋಗ್ರಾಮಿನಲ್ಲಿ ಇದ್ದದ್ದು 17 ಆದೇಶಗಳು. ಒಂದೊಂದು ಸೊನ್ನೆಯನ್ನೂ ಒಂದೊಂದು ಒಂದನ್ನೂ ಸ್ವಿಚ್ಚು ಒತ್ತಿ ಒತ್ತಿ ಒಳಗೆ ಕಳಿಸಬೇಕಿತ್ತು. ಇಲ್ಲಿ ಮನುಷ್ಯನ ಬೆರಳೇ ಹೆಪ್ಪು.

ಮರುವರ್ಷ, 1949ರ ಮೇ 6ರಂದು, ಕೇಂಬ್ರಿಜ್‌ನಲ್ಲಿ ಎಡ್ಸಾಕ್ ಎಂಬ ಯಂತ್ರ ಕೆಲಸ ಶುರುಮಾಡಿತು. ಅಲ್ಲಿ ಡೇವಿಡ್ ವೀಲರ್ ಎಂಬ ತರುಣ ಒಂದು ಜಾಣತನ ಮಾಡಿದರು. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬಳಸುತ್ತಿದ್ದ ಸ್ವಿಚ್ಚುಗಳಿಗೆ ತಂತಿ ಜೋಡಿಸಿ, 31 ಆದೇಶಗಳನ್ನು ಶಾಶ್ವತವಾಗಿ ಕೂರಿಸಿದರು. ಗುಂಡಿ ಒತ್ತಿದರೆ ಆ 31 ಆದೇಶಗಳು ಸ್ಮರಣೆಗೆ ಇಳಿಯುತ್ತಿದ್ದವು. ಅವುಗಳ ಕೆಲಸ ಒಂದೇ: ತೂತು ಹೊಡೆದ ಕಾಗದದ ಪಟ್ಟಿಯಿಂದ ಮುಂದಿನ ಪ್ರೋಗ್ರಾಮನ್ನು ಓದಿಕೊಳ್ಳುವುದು. ಚಿಕ್ಕದು ದೊಡ್ಡದನ್ನು ಕರೆತರುವುದು, ದೊಡ್ಡದು ಇನ್ನೂ ದೊಡ್ಡದನ್ನು ಕರೆತರುವುದು. ಇಂದಿಗೂ ನಿಮ್ಮ ಮೊಬೈಲು ಎಚ್ಚರಗೊಳ್ಳುವುದು ಇದೇ ಕ್ರಮದಲ್ಲಿ.

ಕಂಪ್ಯೂಟರ್ 'ಬೂಟ್' ಆಯಿತು ಅನ್ನುತ್ತೇವಲ್ಲ, ಆ ಮಾತು ಹುಟ್ಟಿದ್ದೂ ಇಲ್ಲಿಂದಲೇ. ಕಾಲಿಗೆ ಹಾಕಿದ ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಅಸಾಧ್ಯ ಸಾಹಸಕ್ಕೆ ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟಿತ್ತು. ಯಂತ್ರ ತನ್ನ ಪ್ರೋಗ್ರಾಮನ್ನು ತಾನೇ ಒಳಗೆಳೆದುಕೊಳ್ಳುವುದನ್ನು ಕಂಡ ಎಂಜಿನಿಯರುಗಳು ಆ ಹೆಸರನ್ನೇ ಇಟ್ಟರು.

ಮುಂಬೈಯ ಕೇಳುಗರು ಇಲ್ಲಿ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ ಕೂರಬಹುದು. ನಿಮ್ಮ ನಗರದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಭಾರತದ್ದೇ ಆದ ದೊಡ್ಡ ಕಂಪ್ಯೂಟರ್ ತಯಾರಾಯಿತು. 1962ರಲ್ಲಿ ಪ್ರಧಾನಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ನಾಮಕರಣ ಮಾಡಿದರು. ಅದಕ್ಕೂ ಪ್ರೋಗ್ರಾಮು ಉಣಿಸುತ್ತಿದ್ದುದು ತೂತಿನ ಕಾಗದದ ಪಟ್ಟಿಯ ಮೂಲಕವೇ.

ಇನ್ನೊಂದು ಪ್ರಸಂಗ ಕೇಳಿ. 1975ರಲ್ಲಿ ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರಿಗೆ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಬೇಸಿಕ್ ಭಾಷೆ ಬರೆದರು. ಅದನ್ನು ತೋರಿಸಲು ಆಲನ್ ವಿಮಾನ ಹತ್ತಿ ಆಲ್ಬುಕರ್ಕಿ ನಗರಕ್ಕೆ ಹೊರಟರು. ವಿಮಾನ ಇಳಿಯುವ ಹೊತ್ತಿಗೆ ಥಟ್ಟನೆ ಹೊಳೆಯಿತು. ಕಾಗದದ ಪಟ್ಟಿಯಲ್ಲಿ ಬೇಸಿಕ್ ಇದೆ, ಸರಿ. ಆದರೆ ಆ ಪಟ್ಟಿಯನ್ನು ಓದು ಎಂದು ಯಂತ್ರಕ್ಕೆ ಹೇಳುವವರು ಯಾರು? ಕೂತ ಸೀಟಿನಲ್ಲೇ ಕಾಗದ ಪೆನ್ಸಿಲು ಹಿಡಿದು ಆ ಪುಟ್ಟ ಪ್ರೋಗ್ರಾಮನ್ನು ಬರೆದರು. ಮಾರನೆಯ ದಿನ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಳಗೆ ಕಳಿಸಿದರು. ಪಟ್ಟಿ ಓಡಿತು, ಬೇಸಿಕ್ ಎದ್ದು ನಿಂತಿತು. ಎರಡಕ್ಕೆ ಎರಡು ಕೂಡಿಸು ಎಂದರೆ ನಾಲ್ಕು ಎಂದಿತು! ಮೈಕ್ರೋಸಾಫ್ಟ್ ಎಂಬ ಮಹಾವೃಕ್ಷದ ಬೀಜ ಬಿದ್ದದ್ದು ಹೀಗೆ.

ಆಪಲ್ II ಮತ್ತು ಟೇಪ್ ರೆಕಾರ್ಡರ್

ಈಗ ನಮ್ಮ ಕಥಾನಾಯಕನ ಪ್ರವೇಶ. 1977ರಲ್ಲಿ ಸ್ಟೀವ್ ವೋಜ್ನಿಯಾಕ್ ವಿನ್ಯಾಸದ ಆಪಲ್ II ಮಾರುಕಟ್ಟೆಗೆ ಬಂತು. ಬೆಲೆ 1,298 ಡಾಲರ್. ಸ್ಮರಣೆ ಬರೀ 4 ಕಿಲೋಬೈಟ್. ಫ್ಲಾಪಿ ಡ್ರೈವ್ ಇರಲಿಲ್ಲ. ಮತ್ತೆ ಬರೆದ ಪ್ರೋಗ್ರಾಮನ್ನು ಉಳಿಸಿಕೊಳ್ಳುವುದು ಎಲ್ಲಿ? ನೀವು ನಾವೆಲ್ಲ ಹಾಡು ಕೇಳುತ್ತಿದ್ದ ಮಾಮೂಲಿ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ!

ಇದರ ಉಪಾಯ ಬಹಳ ಸರಳ. ಯಂತ್ರದ ಹಿಂಭಾಗದಲ್ಲಿ ಎರಡು ತೂತು. ಒಂದರಿಂದ ಧ್ವನಿ ಹೊರಗೆ, ಇನ್ನೊಂದರಿಂದ ಧ್ವನಿ ಒಳಗೆ. ಮೊದಲು ಸುಮಾರು 10 ಸೆಕೆಂಡು 770 ಹರ್ಟ್ಸ್‌ನ ಒಂದೇ ಶ್ರುತಿ. ತಂಬೂರಿ ಮೀಟಿದ ಹಾಗೆ ಎನ್ನಿ. ಆಮೇಲೆ ಮಾಹಿತಿ. ಸೊನ್ನೆ ಎಂದರೆ 2,000 ಹರ್ಟ್ಸ್‌ನ ಒಂದು ಅಲೆ, ಒಂದು ಎಂದರೆ 1,000 ಹರ್ಟ್ಸ್‌ನ ಒಂದು ಅಲೆ. ಕಿವಿಗೆ ಕರಕರ ಸದ್ದು, ಯಂತ್ರಕ್ಕೆ ಸ್ಪಷ್ಟ ಅಕ್ಷರಗಳು. ಈ ಸದ್ದನ್ನು ಅರ್ಥ ಮಾಡಿಕೊಳ್ಳುವ ಆದೇಶಗಳನ್ನು ವೋಜ್ನಿಯಾಕ್ ರೋಮ್ ಚಿಪ್ಪಿನಲ್ಲಿ, ಅಂದರೆ ಅಳಿಸಿಹೋಗದ ಸ್ಮರಣೆಯಲ್ಲಿ, ಇಟ್ಟರು. ವಿದ್ಯುತ್ ಹೋದರೂ, ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೂ ಅದು ಅಲ್ಲೇ ಇರುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1978ರಲ್ಲಿ ಆಪಲ್ ಕಂಪನಿ ಫ್ಲಾಪಿ ಡ್ರೈವ್ ಮಾಡಿತು. ಯಂತ್ರಾಂಶ ಸಿದ್ಧವಾಯಿತು, ಅದನ್ನು ನಡೆಸುವ ಡಾಸ್ ಇರಲಿಲ್ಲ. ಏಪ್ರಿಲ್ 10ರಂದು ಶೆಪರ್ಡ್‌ಸನ್ ಮೈಕ್ರೋಸಿಸ್ಟಮ್ಸ್ ಎಂಬ ಸಂಸ್ಥೆಯ ಜೊತೆ 13,000 ಡಾಲರಿಗೆ ಒಪ್ಪಂದವಾಯಿತು. ಗಡುವು 35 ದಿನ. ಬರೆದವರು ಪಾಲ್ ಲಾಟನ್.

ಇಲ್ಲಿ ನಮ್ಮ ಹಳೆಯ ಪ್ರಶ್ನೆ ಮತ್ತೆ ಎದುರಾಯಿತು. ಫ್ಲಾಪಿಯಿಂದ ಓದುವ ವ್ಯವಸ್ಥೆಯೇ ಇನ್ನೂ ಹುಟ್ಟಿಲ್ಲ, ಅದನ್ನು ಯಂತ್ರದೊಳಗೆ ತರುವುದು ಹೇಗೆ? ಲಾಟನ್ ಕಾಗದದ ಮೇಲೆ ಕೈಯಲ್ಲಿ ಬರೆದರು. ಅದನ್ನು ತೂತಿನ ಕಾರ್ಡುಗಳಿಗೆ ಇಳಿಸಿದರು. ಬೇರೆ ಕಂಪನಿಯ ಬೇರೊಂದು ಕಂಪ್ಯೂಟರಿನಲ್ಲಿ ಆ ಕಾರ್ಡುಗಳನ್ನು ಹಾಕಿ ಯಂತ್ರಭಾಷೆಗೆ ತಿರುಗಿಸಿ ಕಾಗದದ ಪಟ್ಟಿ ತೆಗೆದರು. ಆ ಪಟ್ಟಿಯನ್ನು ಆಪಲ್ ಕಚೇರಿಗೆ ಒಯ್ದು, ವೋಜ್ನಿಯಾಕ್ ಮಾಡಿಕೊಟ್ಟ ಒಂದು ಕಾರ್ಡಿನ ಮೂಲಕ ಆಪಲ್ II ಒಳಗೆ ಸೇರಿಸಿದರು. ತಪ್ಪು ಸಿಕ್ಕಿದರೆ ಮತ್ತೆ ಇಡೀ ಪ್ರದಕ್ಷಿಣೆ. ಅಂತೂ ಆ ವರ್ಷವೇ ಡಾಸ್ ಹೊರಬಂತು. ಅದರ ಮೂಲ ಬರಹವನ್ನು ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2013ರಲ್ಲಿ ಸಾರ್ವಜನಿಕರ ಮುಂದೆ ತೆರೆದಿಟ್ಟಿತು.

ಅಂದರೆ, ಆಪಲ್ II ಯಂತ್ರಕ್ಕೆ ಮೊದಲ ಡಾಸ್ ಬಂದದ್ದೂ ಪಕ್ಕದ ಮನೆಯ ಹೆಪ್ಪಿನಿಂದಲೇ.

ಬಾನುಲಿಯಲ್ಲಿ ಬಂದ ಪ್ರೋಗ್ರಾಮು

ಕ್ಯಾಸೆಟ್ಟಿನಲ್ಲಿ ಇರುವುದು ಧ್ವನಿಯೇ ಆದರೆ, ಅದನ್ನು ರೇಡಿಯೋದಲ್ಲಿ ಯಾಕೆ ಬಿತ್ತರಿಸಬಾರದು? ಈ ಯೋಚನೆ 1980ರ ದಶಕದಲ್ಲಿ ಯುರೋಪಿನ ಹಲವು ನಿಲಯಗಳಿಗೆ ಬಂತು.

ನೆದರ್ಲೆಂಡ್ಸ್‌ನ ಎನ್‌ಓಎಸ್ ಬಾನುಲಿಯಲ್ಲಿ 'ಹಾಬಿಸ್ಕೂಪ್' ಎಂಬ ಕಾರ್ಯಕ್ರಮವಿತ್ತು. ಕಾರ್ಯಕ್ರಮದ ನಡುವೆ ಪ್ರೋಗ್ರಾಮಿನ ಕರಕರ ಸದ್ದನ್ನು ಬಿತ್ತರಿಸುವುದು, ಕೇಳುಗರು ಅದನ್ನು ಮನೆಯಲ್ಲಿ ಟೇಪ್ ಮಾಡಿ ಕಂಪ್ಯೂಟರಿಗೆ ಉಣಿಸುವುದು. ತೊಡಕು ಒಂದೇ. ಒಂದು ಕಂಪನಿಯ ಕಂಪ್ಯೂಟರಿನ ಬೇಸಿಕ್ ಇನ್ನೊಂದಕ್ಕೆ ಅರ್ಥವಾಗದು. ಅದಕ್ಕೆ 'ಬೇಸಿಕೋಡ್' ಎಂಬ ಸಾಮಾನ್ಯ ಭಾಷೆ ಮಾಡಿಕೊಂಡರು. ಮುಂಬೈ ಲೋಕಲ್ಲಿನಲ್ಲಿ ಕನ್ನಡಿಗ, ತಮಿಳ, ಗುಜರಾತಿ ಎಲ್ಲ ಸೇರಿ ಒಂದು ಬಂಬೈಯಾ ಹಿಂದಿ ಆಡುತ್ತಾರಲ್ಲ, ಹಾಗೆ! ಬ್ರಿಟನ್ನಿನಲ್ಲಿ ಬಿಬಿಸಿಯ 'ದಿ ಚಿಪ್ ಶಾಪ್' ಕಾರ್ಯಕ್ರಮವೂ ಪ್ರೋಗ್ರಾಮುಗಳನ್ನು ಗಾಳಿಗೆ ಬಿಟ್ಟಿತು.

ಎಲ್ಲಕ್ಕಿಂತ ರೋಚಕವಾದದ್ದು ಅಂದಿನ ಯುಗೊಸ್ಲಾವಿಯಾದ ಕಥೆ. ಅಲ್ಲಿ ವಿದೇಶಿ ಕಂಪ್ಯೂಟರ್ ತರಿಸಲು ಆಮದು ನಿರ್ಬಂಧ ಅಡ್ಡ ಬರುತ್ತಿತ್ತು. 1983ರಲ್ಲಿ ವೋಯಾ ಆಂಟೋನಿಚ್ ಎಂಬ ತಂತ್ರಜ್ಞ, ಜನ ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ 'ಗಲಾಕ್ಸಿಯಾ' ಎಂಬ ಕಂಪ್ಯೂಟರನ್ನು ರೂಪಿಸಿ, ಅದರ ನಕ್ಷೆಯನ್ನು ಪತ್ರಿಕೆಯಲ್ಲಿ ಎಲ್ಲರಿಗೂ ಕೊಟ್ಟುಬಿಟ್ಟರು. ಸಾವಿರಾರು ಮಂದಿ ಬೆಸುಗೆ ಕಡ್ಡಿ ಹಿಡಿದು ಕೂತರು. ಕಂಪ್ಯೂಟರೇನೋ ಆಯಿತು, ಪ್ರೋಗ್ರಾಮು? ಬೆಲ್‌ಗ್ರೇಡ್ ರೇಡಿಯೋದ 'ವೆಂಟಿಲೇಟರ್ 202' ಕಾರ್ಯಕ್ರಮದ ನಿರೂಪಕ ಜೋರಾನ್ ಮೋದ್ಲಿ ಅವನ್ನು ಬಾನುಲಿಯಲ್ಲೇ ಹಂಚಿದರು. ಈ ಮೋದ್ಲಿ ವಿಮಾನದ ಪೈಲಟ್ ಕೂಡ ಆಗಿದ್ದರು. ಕೇಳುಗರು ಆ ಪ್ರೋಗ್ರಾಮುಗಳನ್ನು ಟೇಪ್ ಮಾಡಿಕೊಂಡು, ತಿದ್ದಿ ಬೆಳೆಸಿ, ಮತ್ತೆ ನಿಲಯಕ್ಕೇ ಕಳಿಸುತ್ತಿದ್ದರು. ಇಂಟರ್ನೆಟ್ ಮನೆಮನೆಗೆ ಬರುವ ಎಷ್ಟೋ ಮೊದಲೇ ಒಂದು ದೇಶದ ಹುಡುಗರು ರೇಡಿಯೋದಿಂದ ಡೌನ್‌ಲೋಡ್ ಮಾಡುತ್ತಿದ್ದರು ನೋಡಿ!

ನಮ್ಮ ದೇಶದಲ್ಲೂ ಕ್ಯಾಸೆಟ್ ಕಂಪ್ಯೂಟರುಗಳು ಬಂದಿದ್ದವು. 1984ರ ಸುಮಾರಿಗೆ ಸರ್ಕಾರ ಶುರುಮಾಡಿದ 'ಕ್ಲಾಸ್' ಯೋಜನೆಯಲ್ಲಿ ಮೊದಲ ಸುತ್ತಿಗೆ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳು ಬಂದವು. ಪುಣೆಯ ಡೆಸಿಬೆಲ್ಸ್ ಕಂಪನಿ ಆ ದಶಕದ ಕೊನೆಗೆ ಸ್ಪೆಕ್ಟ್ರಮ್ ಕಂಪ್ಯೂಟರನ್ನು ಇಲ್ಲಿ ಮಾರಿತು. ನಿಮ್ಮಲ್ಲಿ ಕೆಲವರಾದರೂ ಆ ಸದ್ದು ಕೇಳಿರಬೇಕು.

ಫ್ಲಾಪಿ ಇಲ್ಲದ ಯಂತ್ರವನ್ನು ಎಬ್ಬಿಸುವ ಬಗೆ

ಈಗ ಮೂಲ ಪ್ರಶ್ನೆಗೆ ಬರೋಣ. ನಿಮ್ಮ ಕೈಗೆ ಒಂದು ಹಳೆಯ ಆಪಲ್ IIಇ ಸಿಕ್ಕಿತು ಎಂದುಕೊಳ್ಳಿ. ಲ್ಯಾಮಿಂಗ್ಟನ್ ರೋಡೋ, ರಿಚಿ ಸ್ಟ್ರೀಟೋ, ನೆಹರೂ ಪ್ಲೇಸೋ, ಎಲ್ಲಿಂದಲೋ ಬಂತು. ಯಂತ್ರ ಸರಿಯಾಗಿದೆ, ಡ್ರೈವ್ ಸರಿಯಾಗಿದೆ, ಖಾಲಿ ಫ್ಲಾಪಿಯೂ ಇದೆ. ತಂತ್ರಾಂಶ ಮಾತ್ರ ಇಲ್ಲ.

ಸ್ವಿಚ್ಚು ಹಾಕುತ್ತೀರಿ. ಡ್ರೈವ್ ಗರಗರ ತಿರುಗುತ್ತದೆ. ನಿಲ್ಲುವುದೇ ಇಲ್ಲ. ಯಾಕೆ? ಡ್ರೈವಿನ ಕಾರ್ಡಿನಲ್ಲಿ 256 ಬೈಟಿನ ಒಂದು ಪುಟ್ಟ ರೋಮ್ ಇದೆ. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ಫ್ಲಾಪಿಯ ಮೊದಲ ತುಣುಕನ್ನು ಓದಿ, ಅದರ ಕೈಗೆ ಅಧಿಕಾರ ಕೊಡುವುದು. ಓದಲು ಏನೂ ಇಲ್ಲದಾಗ ಅದು ಹುಡುಕುತ್ತಲೇ ಇರುತ್ತದೆ.

ಇಂದಿನ ಕಂಪ್ಯೂಟರಿನಲ್ಲಿ ಆ ಫ್ಲಾಪಿಯನ್ನು ಬರೆದುಕೊಡಲಾಗದೇ ಎಂದು ಕೇಳುತ್ತೀರಿ. ಐದೂಕಾಲು ಇಂಚಿನ ಡ್ರೈವ್ ಇರುವ ಹಳೆಯ ಪಿಸಿ ಸಿಕ್ಕರೂ ಆಗದು. ಫ್ಲಾಪಿ ನೋಡಲು ಒಂದೇ, ಅದರ ಮೇಲೆ ಮಾಹಿತಿ ಬರೆಯುವ ಕ್ರಮ ಬೇರೆ. ಕನ್ನಡ ಮಾತ್ರ ಬಲ್ಲವರ ಕೈಗೆ ಮೋಡಿ ಲಿಪಿಯ ಕಡತ ಕೊಟ್ಟ ಹಾಗೆ. ಕಾಗದ ಕಾಣುತ್ತದೆ, ಅಕ್ಷರ ತಿಳಿಯದು.

ಆಗ ನೆನಪಾಗುವುದೇ ಹಿಂಭಾಗದ ಆ ಕ್ಯಾಸೆಟ್ ತೂತು. ಕಂಟ್ರೋಲ್ ಮತ್ತು ರಿಸೆಟ್ ಗುಂಡಿ ಒಟ್ಟಿಗೆ ಒತ್ತಿದರೆ ಡ್ರೈವ್ ನಿಂತು, ರೋಮ್‌ನಲ್ಲೇ ಇರುವ ಬೇಸಿಕ್ ಎದ್ದು ಬರುತ್ತದೆ. ನಿಮ್ಮ ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಯಿಂದ ಆಪಲ್ಲಿನ ಕ್ಯಾಸೆಟ್ ಕಿಂಡಿಗೆ ಒಂದು ಸಾಧಾರಣ ಆಡಿಯೋ ವೈರು ಜೋಡಿಸಿ. ಆಪಲ್ಲಿನಲ್ಲಿ 'ಲೋಡ್' ಎಂದು ಟೈಪ್ ಮಾಡಿ ರಿಟರ್ನ್ ಒತ್ತಿ. ಈ ಕಡೆ ಧ್ವನಿ ಕಡತವನ್ನು ಓಡಿಸಿ. ಹಳೆಯ ಯಂತ್ರಕ್ಕೆ ಏನೂ ವ್ಯತ್ಯಾಸ ತಿಳಿಯದು. ಅದರ ಪಾಲಿಗೆ ಆ ಬದಿಯಲ್ಲಿರುವುದು 1977ರ ಟೇಪ್ ರೆಕಾರ್ಡರೇ.

ಮೊದಲು ಆ ಶ್ರುತಿ, ನಂತರ ಕರಕರ, ಒಂದು 'ಬೀಪ್', ಮತ್ತೆ ಕರಕರ, ಕೊನೆಗೆ ಇನ್ನೊಂದು 'ಬೀಪ್'. ಪುಟ್ಟ ಪ್ರೋಗ್ರಾಮು ಒಳಗೆ ಬಂತು. ಈ ಕೆಲಸಕ್ಕೆಂದೇ ಹವ್ಯಾಸಿಗಳು ಎಡಿಟಿ ಪ್ರೋ ಎಂಬ ಉಚಿತ ತಂತ್ರಾಂಶ ಮಾಡಿದ್ದಾರೆ. ಅದು ಆಪರೇಟಿಂಗ್ ಸಿಸ್ಟಮನ್ನೇ ಹೀಗೆ ಧ್ವನಿಯಾಗಿ ಕಳಿಸುತ್ತದೆ. ಸ್ಮರಣೆಗೆ ಬಂದ ಮೇಲೆ ಖಾಲಿ ಫ್ಲಾಪಿಯನ್ನು ಸಜ್ಜುಗೊಳಿಸಿ, ಅದರ ಮೇಲೆ ಎಲ್ಲವನ್ನೂ ಬರೆದಿಟ್ಟುಕೊಳ್ಳುವುದು. ಒಂದು ಪೂರ್ತಿ ಫ್ಲಾಪಿ ಎಂದರೆ 1,43,360 ಬೈಟು. ಕ್ಯಾಸೆಟ್ಟಿನ ಮೂಲ ವೇಗದಲ್ಲಿ ಲೆಕ್ಕ ಹಾಕಿದರೆ ಸುಮಾರು 13 ನಿಮಿಷದ ಸದ್ದು. ಒಂದು ರಾಗದ ಆಲಾಪನೆಯಷ್ಟು ಹೊತ್ತು!

ತಾಳ್ಮೆ ಬೇಕು. ಧ್ವನಿ ಸಣ್ಣದಾದರೆ ಯಂತ್ರಕ್ಕೆ ಕೇಳಿಸದು, ಜೋರಾದರೆ ಅಲೆ ಕೆಡುತ್ತದೆ, ಪರದೆಯ ಮೇಲೆ ತಪ್ಪು ಎಂಬ ಸೂಚನೆ ಬೀಳುತ್ತದೆ. ವಾಲ್ಯೂಮ್ ತಿರುಗಿಸುತ್ತ ಮತ್ತೆ ಮತ್ತೆ ಯತ್ನಿಸಬೇಕು. ಮೊಬೈಲಿನಿಂದ ಓಡಿಸುವವರು ಅದರ ಇತರ ಸದ್ದುಗಳನ್ನು ಮೊದಲೇ ಆರಿಸಿಡಬೇಕು. ನಡುವೆ ಒಂದು ಮೆಸೇಜಿನ 'ಟಿಂಗ್' ಸೇರಿದರೂ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

1984ರ ಆಪಲ್ IIಸಿ ಮಾದರಿಯಲ್ಲಿ ಕ್ಯಾಸೆಟ್ ಕಿಂಡಿ ಇಲ್ಲ. ಅಲ್ಲಿ ಇನ್ನೊಂದು ಉಪಾಯ. ಇನ್ನು ಮುಂದೆ ಕೀಲಿಮಣೆಯ ಬದಲು ಹಿಂದಿನ ಸೀರಿಯಲ್ ಕಿಂಡಿಯ ಮಾತು ಕೇಳು ಎಂದು ಯಂತ್ರಕ್ಕೆ ಒಂದು ಸಣ್ಣ ಆದೇಶ ಕೊಡಬಹುದು. ಆಮೇಲೆ ವೈರಿನ ಆ ತುದಿಯ ಹೊಸ ಕಂಪ್ಯೂಟರ್ ಅಂಕಿಗಳನ್ನು ಒಂದೊಂದಾಗಿ ಕಳಿಸುತ್ತದೆ. ಯಾರೋ ಎದುರಿಗೆ ಕೂತು ಪಟಪಟನೆ ಟೈಪ್ ಮಾಡುತ್ತಿದ್ದಾರೆಂದೇ ಹಳೆಯ ಯಂತ್ರ ನಂಬುತ್ತದೆ. ಮ್ಯಾಂಚೆಸ್ಟರಿನಲ್ಲಿ ಮನುಷ್ಯನ ಬೆರಳು ಮಾಡಿದ ಕೆಲಸವನ್ನು ಇಲ್ಲಿ ಇನ್ನೊಂದು ಕಂಪ್ಯೂಟರ್ ಮಾಡುತ್ತದೆ, ಅಷ್ಟೇ.

ಇಷ್ಟೆಲ್ಲ ಯಾಕೆ?

ಹಳೆಯ ಡಬ್ಬವನ್ನು ಎಬ್ಬಿಸಿ ಆಗುವುದೇನು ಎಂದು ನೀವು ಕೇಳಬಹುದು. ಗುಜರಿಗೆ ಹಾಕಿದರೆ ನಾಲ್ಕು ಕಾಸಾದರೂ ಬಂದೀತು.

ಉತ್ತರಕ್ಕೆ ನಿಮಗೆ ಪರಿಚಯವಿರುವ ಹೆಸರನ್ನೇ ಹೇಳುತ್ತೇನೆ: 'ಪ್ರಿನ್ಸ್ ಆಫ್ ಪರ್ಷಿಯಾ'. 90ರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರು ಯಾರು ಈ ಆಟ ಆಡಿಲ್ಲ? ಬಿಳಿ ಉಡುಪಿನ ರಾಜಕುಮಾರ, ಮುಳ್ಳಿನ ಹೊಂಡ, ಓಡುವ ಗಡಿಯಾರ. ಜೋರ್ಡಾನ್ ಮೆಕ್ನರ್ ಈ ಆಟವನ್ನು ಮೊದಲು ಬರೆದದ್ದು ಆಪಲ್ II ಮೇಲೆ. ಅದು ಬಿಡುಗಡೆಯಾದದ್ದು 1989ರಲ್ಲಿ. ತಮ್ಮನನ್ನು ಓಡಿಸಿ, ಜಿಗಿಸಿ, ವೀಡಿಯೋ ತೆಗೆದು ರಾಜಕುಮಾರನ ನಡಿಗೆ ರೂಪಿಸಿದರು. ಸಂಗೀತ ಅವರ ತಂದೆಯದು. ಅದರ ಮೂಲ ಪ್ರೋಗ್ರಾಮು ಆಮೇಲೆ ಎಲ್ಲೋ ಕಳೆದುಹೋಯಿತು. 2012ರಲ್ಲಿ ತಂದೆಯ ಮನೆಯ ಕಪಾಟಿನಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು. ಒಳಗೆ ಆ ಫ್ಲಾಪಿಗಳು! ಆದರೆ ಅವನ್ನು ಓದುವ ಯಂತ್ರ? ಹಳೆಯ ಆಪಲ್ಲುಗಳನ್ನು ಜೋಪಾನವಾಗಿ ಓಡುವ ಸ್ಥಿತಿಯಲ್ಲಿಟ್ಟಿದ್ದ ಹವ್ಯಾಸಿಗಳು ನೆರವಿಗೆ ಬಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಬರಹ ಮತ್ತೆ ಪರದೆಯ ಮೇಲೆ ಮೂಡಿತು. ಈಗ ಅದು ಯಾರು ಬೇಕಾದರೂ ಓದಬಹುದಾದ ಸ್ವತ್ತು.

ಯಂತ್ರ ಒಮ್ಮೆ ಎದ್ದು ನಿಂತರೆ, ಹೊಸದರಿಂದ ಹಳೆಯದಕ್ಕೆ ಬಂದ ದಾರಿಯಲ್ಲೇ ಹಳೆಯದರಿಂದ ಹೊಸದಕ್ಕೂ ಹೋಗಬಹುದು. ಯಾರದೋ ಮನೆಯ ಫ್ಲಾಪಿಯಲ್ಲಿ ಸಿಕ್ಕಿಕೊಂಡಿರುವ ಪತ್ರ, ಲೆಕ್ಕ, ಪ್ರಬಂಧ, ಆಟ ಎಲ್ಲವನ್ನೂ ಅದೇ ವೈರಿನ ಮೂಲಕ ಹೊರತರಬಹುದು. ಫ್ಲಾಪಿಯ ಮೇಲಿನ ಕಾಂತದ ಲೇಪ ವರ್ಷ ಕಳೆದಂತೆ ಸವೆಯುತ್ತದೆ. ಹಾಗಾಗಿ ಇದು ಪುರುಸೊತ್ತಾದಾಗ ಮಾಡುವ ಕೆಲಸವಲ್ಲ.

ಇದೆಲ್ಲ ಸಾಧ್ಯವಾದದ್ದಕ್ಕೆ ಇನ್ನೊಂದು ಕಾರಣವಿದೆ. 1978ರ ಆಪಲ್ II ಕೈಪಿಡಿಯಲ್ಲಿ ಯಂತ್ರದ ಪೂರ್ತಿ ನಕ್ಷೆಯೂ, ರೋಮ್‌ನೊಳಗಿನ ಆದೇಶಗಳ ಪಟ್ಟಿಯೂ ಅಚ್ಚಾಗಿದ್ದವು. ಕೊಂಡವರಿಗೆ ಯಂತ್ರದ ಒಳಗುಟ್ಟನ್ನೂ ಕೈಗಿಡುತ್ತಿದ್ದರು. ಮೊದಲ ಬೀಗದ ಕೈ ಕಳೆದುಹೋದರೂ, ಬೀಗ ಹೇಗಿದೆಯೆಂಬ ಚಿತ್ರ ಇದ್ದುದರಿಂದ ಇನ್ನೊಂದು ಕೀಲಿ ಕೆತ್ತಲು ಬಂತು. ನಮ್ಮ ಕೈಯ ಎಷ್ಟೋ ಫೋನುಗಳಲ್ಲಿ ಬೂಟ್ ಆಗುವ ಬಾಗಿಲಿಗೇ ಕಂಪನಿಯವರು ಮುದ್ರೆ ಒತ್ತಿರುತ್ತಾರೆ. ಕಂಪನಿ ಕೈಬಿಟ್ಟ ಮೇಲೆ, ನಲವತ್ತು ವರ್ಷ ಕಳೆದು, ನಮ್ಮ ಮೊಮ್ಮಕ್ಕಳು ಅದನ್ನು ಎಬ್ಬಿಸಬೇಕೆಂದರೆ ಯಾವ ಕಿಂಡಿ ಉಳಿದಿರುತ್ತದೆ? ನೀವೂ ಒಮ್ಮೆ ಯೋಚಿಸಿ.

ಅಷ್ಟರಲ್ಲಿ ಒಂದು ಕೆಲಸ ಮಾಡಿ. ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಹಳೆಯ ಫ್ಲಾಪಿ, ಕ್ಯಾಸೆಟ್ಟು, ಅಜ್ಜಿಯ ಹಾಡು ಹಿಡಿದಿಟ್ಟ ಟೇಪು ಏನೇ ಸಿಕ್ಕರೂ ಗುಜರಿಯವನಿಗೆ ಕೊಡುವ ಮೊದಲು ಅದರ ಮೇಲೆ ಒಂದು ಚೀಟಿ ಅಂಟಿಸಿ: ಏನಿದೆ, ಯಾವ ವರ್ಷದ್ದು, ಯಾವ ಯಂತ್ರದ್ದು. ಕೀಲಿ ಕೆತ್ತುವವರು ಮುಂದೆ ಯಾರಾದರೂ ಸಿಗುತ್ತಾರೆ. ಪೆಟ್ಟಿಗೆ ಮಾತ್ರ ಉಳಿದಿರಲಿ.